ಅರ್ಧ ವಾಕ್ಯದ ಚೀಟಿ

ನಮ್ಮ ಕ್ರೈಸ್ತ ಸಭೆಯಲ್ಲಿ ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರುವವರು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಭಾನುವಾರದ ಪ್ರಸಂಗ ತಯಾರು ಮಾಡುವುದು ಹೇಗೆ ಎಂದು ಕೇಳುತ್ತಾರೆ. ಸೈಕಲ್ಲಿನ ಟ್ಯೂಬಿಗೆ ಪ್ಯಾಚ್ ಹಾಕಲು ಬರುತ್ತದೆಯೇ ಎಂದು ನಾನು ಕೇಳುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಕೇಳಿದ್ದಲ್ಲ. ನನ್ನ ಪ್ರಸಂಗ ಚೆನ್ನಾಗಿಲ್ಲವೆಂದು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ತಿರುಗಿ ಕಳಿಸಿಲ್ಲ. ಹೊತ್ತಿಗೆ ಸರಿಯಾಗಿ ಹೆಣದ ಹತ್ತಿರ ಬಂದು ಮುಟ್ಟಲಿಲ್ಲವೆಂದು ಬೈಸಿಕೊಂಡದ್ದು ಎಷ್ಟೋ ಸಲ.

ಬಡ್ತಿಯ ವಿಷಯದಲ್ಲಿ ಬರೆಯುವಂಥದ್ದು ಏನೂ ಇಲ್ಲ. ಸಹಾಯಕ ಉಪದೇಶಿಯಾಗಿ ಸೇರಿದೆ. ಹನ್ನೊಂದು ವರ್ಷಕ್ಕೆ ‘ಸಹಾಯಕ’ ಎಂಬ ಮಾತು ಬಿದ್ದುಹೋಯಿತು. ಅಷ್ಟು ದಿನ ಯಾರಿಗೆ ಸಹಾಯಕನಾಗಿದ್ದೆ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ನಮ್ಮ ಸಭೆಯ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ವಿರಾಜಪೇಟೆಯಲ್ಲಿದ್ದರು. ಎರಡು ತಿಂಗಳಿಗೊಮ್ಮೆ ತೋಟಗಳಿಗೆ ಬಂದು ಸ್ನಾನದೀಕ್ಷೆ ಕೊಟ್ಟು, ಮದುವೆ ಮಾಡಿಸಿ, ಕೋಳಿಸಾರು ಉಂಡು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಭಾನುವಾರದ ಪ್ರಾರ್ಥನೆ ನಡೆಸುವುದು, ಸತ್ತವರನ್ನು ಮಣ್ಣು ಮಾಡುವುದು, ಊರಿನಿಂದ ಬಂದ ಕಾಗದ ಓದಿ ಹೇಳುವುದು, ಗಂಡ ಹೆಂಡಿರ ಜಗಳದಲ್ಲಿ ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಕೆಲಸ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯಲ್ಲಿ ವಿಧಾನಸಭೆ, ಮಂತ್ರಿಗಳು ಎಲ್ಲ ಇದ್ದರು. ಇದರಿಂದ ಕಾಫಿ ತೋಟದ ಲೈನುಗಳಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ನನಗೆ ಕಂಡ ವ್ಯತ್ಯಾಸ ಒಂದೇ. ಬೋಪಯ್ಯನವರ ತೋಟದ ಶಾಲೆಯ ಗೋಡೆಗೆ ಕೊಡಗು ರಾಜ್ಯದ ಹೊಸ ನಕ್ಷೆ ಬಂತು. ಆ ಶಾಲೆಯೇ ಭಾನುವಾರ ನಮ್ಮ ದೇವಾಲಯ. ಬೋಪಯ್ಯನವರು ಕೊಡವರು, ತೋಟದ ಸಾಹುಕಾರರು. ನಮ್ಮ ಪ್ರಾರ್ಥನೆಗೆ ಜಾಗ ಕೊಟ್ಟದ್ದಲ್ಲದೆ ಕೆಲವು ಸಲ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ಕೇಳುತ್ತಿದ್ದರು. ಒಳಗೆ ನಾನು ಕನ್ನಡದಲ್ಲಿ ಓದಿದ್ದು ಮುಂದಿನ ಚಾಪೆಯಲ್ಲಿ ತುಳುವಾಗಿ, ನಡುವಿನ ಚಾಪೆಯಲ್ಲಿ ತಮಿಳಾಗಿ, ಗೋಡೆಯ ಹತ್ತಿರ ಮಲಯಾಳವಾಗಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಗೋಡೆ ಮುಟ್ಟುವ ಹೊತ್ತಿಗೆ ಅದು ಏನಾಗಿರುತ್ತಿತ್ತು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಅಯ್ಯನವರು ಓದಿದವರು. ಬೈಬಲಿನಲ್ಲಿ ದೆವ್ವ ಎಂದಿರುವ ಕಡೆಯಲ್ಲೆಲ್ಲ ಕಾಯಿಲೆ ಎಂದು ತಿಳಿಯಬೇಕು, ಆ ಕಾಲದವರಿಗೆ ಕಾಯಿಲೆಯೇ ದೆವ್ವದಂತೆ ಕಂಡಿತು ಎನ್ನುವುದು ಅವರ ಪಾಠ. ಹಾಗೆಯೇ ಬೋಧಿಸಬೇಕೆಂದು ನಮಗೆ ಅಪ್ಪಣೆಯಾಗಿತ್ತು. ಒಂದು ಭಾನುವಾರ, ದೆವ್ವ ಹಿಡಿದವನನ್ನು ಯೇಸು ಗುಣಪಡಿಸಿದಾಗ ಆ ದೆವ್ವಗಳು ಹಂದಿಗಳ ಹಿಂಡಿನೊಳಗೆ ಹೊಕ್ಕು, ಹಂದಿಗಳೆಲ್ಲ ಓಡಿ ನೀರಿಗೆ ಬಿದ್ದು ಸತ್ತ ಭಾಗ ಬಂತು. ಅಪ್ಪಣೆಯಂತೆ ಕಾಯಿಲೆ ಎಂದೇ ಹೇಳಿದೆ. ಪ್ರಾರ್ಥನೆ ಮುಗಿದ ಮೇಲೆ ಯಾಕೋಬ ಮೇಸ್ತ್ರಿ ಎದ್ದು ನಿಂತ. ತೋಟದಲ್ಲಿ ಆಳುಗಳ ಮೇಲ್ವಿಚಾರಣೆ ಅವನದು. ಮಾತು ಕಡಿಮೆ, ಒಳ್ಳೆಯ ಮನುಷ್ಯ.

“ಉಪದೇಶಿಯವ್ರೇ, ಕಾಯಿಲೆ ಅಂತ ಆದ್ರೆ ಎರಡು ಸಾವಿರ ಹಂದಿಗೂ ಒಟ್ಟಿಗೇ ಬಂತಾ?”

ಬಂದಿರಬೇಕು ಎಂದೆ.

“ಮತ್ತೆ ಸತ್ತ ಹಂದಿ ಎಂತ ಮಾಡಿದ್ರು?”

“ಅದು ಬರೆದಿಲ್ಲ ಮೇಸ್ತ್ರಿ.”

“ಅಲ್ಲ, ದೆವ್ವ ಹೊಕ್ಕ ಹಂದಿ ಆದ್ರೆ ಚೆನ್ನಾಗಿ ತೊಳೆದು ತಿನ್ನಬಹುದು. ಕಾಯಿಲೆದ್ದಾದ್ರೆ ತಿನ್ಲಿಕ್ಕಾಗುದಿಲ್ಲ. ಅದಕ್ಕೆ ಕೇಳಿದ್ದು.”

ಕೊಡಗಿನಲ್ಲಿ ಹಂದಿಮಾಂಸದ ವಿಷಯ ಹಗುರವಾಗಿ ಆಡುವಂಥದ್ದಲ್ಲ. ಚಾಪೆಯ ಮೇಲೆ ಎರಡು ಪಕ್ಷಗಳಾದವು. ನಾನು ಅಯ್ಯನವರಿಗೆ ಕಾಗದ ಬರೆದೆ. ಎರಡು ವಾರ ಯೋಚಿಸಿ ಅವರು ಉತ್ತರಿಸಿದರು: ಆ ದೇಶದವರಿಗೆ ಹಂದಿ ನಿಷಿದ್ಧ, ಆದ್ದರಿಂದ ಪ್ರಶ್ನೆಯೇ ಹುಟ್ಟುವುದಿಲ್ಲ. ಇದನ್ನು ಓದಿ ಹೇಳಿದಾಗ ಬಾಗಿಲ ಹೊರಗಿನಿಂದ ಬೋಪಯ್ಯನವರು, “ನಿಷಿದ್ಧ ಆಗಿದ್ರೆ ಅಷ್ಟು ಹಂದಿ ಸಾಕಿದ್ದು ಯಾರು? ಅವನಿಗೆ ಯಾರಾದ್ರೂ ಹೋಗಿ ಸಮಾಧಾನ ಹೇಳಿದ್ರಾ?” ಎಂದು ಕೇಳಿದರು. ಅದೂ ಬರೆದಿರಲಿಲ್ಲ. ಅಲ್ಲಿಯವರೆಗೆ ಆ ಹಂದಿಗಳ ಯಜಮಾನನ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಬೋಪಯ್ಯನವರಿಗೆ ಬೈಬಲಿನಲ್ಲಿ ಕಷ್ಟವೆನಿಸಿದ ಭಾಗವೇ ಇರಲಿಲ್ಲ. ಅರಸ ಸೌಲನು ಮಾಟಗಾತಿಯ ಹತ್ತಿರ ಹೋಗಿ, ಸತ್ತುಹೋದ ಪ್ರವಾದಿ ಸಮುವೇಲನನ್ನು ಎಬ್ಬಿಸಿ ಮಾತಾಡಿಸುವ ಕಥೆ ಇದೆ. ನಮ್ಮವರಿಗೆಲ್ಲ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು. ಅದು ಭ್ರಮೆ ಎನ್ನುವವರಿದ್ದಾರೆ, ಸೈತಾನನೇ ಸಮುವೇಲನ ವೇಷದಲ್ಲಿ ಬಂದ ಎನ್ನುವವರಿದ್ದಾರೆ. ಅಯ್ಯನವರು ಆ ಅಧ್ಯಾಯವನ್ನು ಓದಿಸುವುದನ್ನೇ ಬಿಟ್ಟಿದ್ದರು. ನಾನು ಬಾಯಿ ತಪ್ಪಿ ಈ ಕಥೆ ಹೇಳಿದಾಗ ಬೋಪಯ್ಯನವರು ತಲೆಯಾಡಿಸಿದರು. “ನಮ್ಮ ಮನೆ ಕಾರಣ ವರ್ಷಕ್ಕೊಮ್ಮೆ ಮೈಮೇಲೆ ಬಂದು ಮಾತಾಡ್ತದೆ. ನಿಮ್ಮ ಹಿರಿಯರು ಒಂದೇ ಸಲ ಬಂದದ್ದಾ? ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕಾಣ್ತದೆ,” ಎಂದರು. ಕಾರಣ ಎಂದರೆ ಅವರ ಮನೆತನದ ಮೂಲ ಹಿರಿಯ, ಸತ್ತ ಮೇಲೂ ಮನೆಯವರಿಗೆ ಬುದ್ಧಿ ಹೇಳುವವನು. ಈ ಮಾತನ್ನು ನಾನು ಅಯ್ಯನವರಿಗೆ ವರದಿ ಮಾಡಲಿಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹಂದಿ, ಸಮುವೇಲ ಎಂದು ಸುತ್ತು ಬಳಸಿದ್ದು ಅದನ್ನು ಹೇಳಲು ನಾಚಿಕೆಯಾಗಿ.

ನಮ್ಮಲ್ಲಿ ಹೊಸ ವರ್ಷದ ದಿನ ಒಂದು ಕ್ರಮವಿದೆ. ಬೈಬಲಿನ ಒಳ್ಳೆಯ ಮಾತುಗಳನ್ನು, ದೇವರು ಕೊಟ್ಟ ವಾಗ್ದಾನಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಕೆಳಗೆ ಅಧ್ಯಾಯ, ವಾಕ್ಯದ ಸಂಖ್ಯೆ ಇರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಒಂದೊಂದು ತೆಗೆಯಬೇಕು. ಬಂದದ್ದು ಆ ವರ್ಷಕ್ಕೆ ದೇವರು ಅವರಿಗೆಂದೇ ಕೊಟ್ಟ ಮಾತು. ಬೇರೆ ಕಡೆ ಇದನ್ನು ನಡುರಾತ್ರಿ ಮಾಡುತ್ತಾರೆ. ನಮ್ಮಲ್ಲಿ ಆನೆ ತಿರುಗಾಡುತ್ತಿದ್ದುದರಿಂದ ಬೆಳಿಗ್ಗೆ ಹತ್ತಕ್ಕೆ. ಚೀಟಿಯನ್ನು ಕೆಲವರು ಬಾಗಿಲಿಗೆ ಅಂಟಿಸುತ್ತಿದ್ದರು, ಕೆಲವರು ತಾಯತದೊಳಗೆ ಹಾಕಿ ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ಜ್ವರ ಬಂದಾಗ ನೀರಿನ ಜೊತೆ ನುಂಗಿದವರೂ ಇದ್ದರು. ಬೋಪಯ್ಯನವರು ವರ್ಷವೂ ಬಂದು ಒಂದು ತೆಗೆದುಕೊಂಡು ಹೋಗಿ ಮನೆಯಲ್ಲಿ ಹಿರಿಯರಿಗೆಂದು ಹಚ್ಚುವ ತೂಗುದೀಪದ ಹತ್ತಿರ ಇಡುತ್ತಿದ್ದರು. ಅಯ್ಯನವರು ಹೇಳುತ್ತಿದ್ದಂತೆ ಇದು ಬರೀ ಪ್ರೋತ್ಸಾಹದ ಪದ್ಧತಿ. ಹಾಗೆಂದು ತೆಗೆಯುವವರಿಗೆ ಯಾರೂ ಹೇಳಿರಲಿಲ್ಲ.

ಚೀಟಿಗಳು ಮಂಗಳೂರಿನಿಂದ ಅಚ್ಚಾಗಿ ಬರುತ್ತಿದ್ದವು. ಆ ವರ್ಷದ ಕಟ್ಟನ್ನು ನಾನು ಶಾಲೆಯ ಪೆಟ್ಟಿಗೆಯಲ್ಲಿಟ್ಟು ಮರೆತೆ, ಗೆದ್ದಲು ತಿಂದುಬಿಟ್ಟಿತು. ಕೈಯಲ್ಲೇ ಬರೆ ಎಂದರು ಅಯ್ಯನವರು. ಅದರ ಜೊತೆ ಒಂದು ಹೊಸ ವಿಧಾನವನ್ನೂ ತಂದರು. ಬರೀ ವಾಗ್ದಾನ ಕೊಟ್ಟು ಕೊಟ್ಟು ಜನಕ್ಕೆ ಸದರವಾಗಿದೆ, ಹತ್ತಕ್ಕೆ ಒಂದರಂತೆ ಬುದ್ಧಿಮಾತೂ ಇರಲಿ, ನೀನೇ ಆರಿಸು ಎಂದರು. ಮೇಲಿನವರು ನನಗೆ ಏನನ್ನಾದರೂ ಆರಿಸಲು ಬಿಟ್ಟದ್ದು ಅದೇ ಮೊದಲು. ನಾನು ಹಿಗ್ಗಿದೆ.

ಆ ವರ್ಷ ಲೈನಿನಲ್ಲಿ ಒಬ್ಬ ತೀರಿಹೋಗಿ, ಹಸು ಯಾರಿಗೆ ಸೇರಬೇಕೆಂದು ಅವನ ಮಕ್ಕಳು ಹೊಡೆದಾಡಿಕೊಂಡಿದ್ದರು. ಮನೆಯ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಟ್ಟುಕೋ ಎಂಬ ಒಂದು ಮಾತು ಪ್ರವಾದಿಯ ಗ್ರಂಥದಲ್ಲಿ ನೆನಪಾಯಿತು. ಬಹಳ ಉಪಯೋಗದ ಬುದ್ಧಿಮಾತು. ತೆಗೆದು ನೋಡಿದರೆ ವಾಕ್ಯ ಉದ್ದವಿತ್ತು. ಕಾಯಿಲೆ ಬಿದ್ದ ಅರಸನೊಬ್ಬನಿಗೆ ಪ್ರವಾದಿ ಹೇಳುವ ಮಾತು ಅದು. ಮನೆಯ ವಿಷಯ ಇತ್ಯರ್ಥ ಮಾಡಿಕೋ ಎಂಬುದು ಮೊದಲ ಅರ್ಧ. ಏಕೆಂದರೆ ನೀನು ಬದುಕುವುದಿಲ್ಲ, ಸಾಯುತ್ತೀ ಎಂಬುದು ಉಳಿದರ್ಧ. ಹೊಸ ವರ್ಷಕ್ಕೆ ಉಳಿದರ್ಧ ಸರಿಯಲ್ಲವೆಂದು ಮೊದಲ ಅರ್ಧವನ್ನಷ್ಟೇ ಬರೆದೆ. ಕೆಳಗೆ, ಕ್ರಮದಂತೆ, ಅಧ್ಯಾಯ ಮತ್ತು ವಾಕ್ಯದ ಸಂಖ್ಯೆ ಹಾಕಿದೆ. ಅಕ್ಷರ ದುಂಡಗೆ ಬಂದಿತ್ತು. ಅದು ಚೆನ್ನಾಗಿ ನೆನಪಿದೆ.

ಆ ಚೀಟಿ ಅನ್ನಮ್ಮಕ್ಕನಿಗೆ ಬಂತು.

ಅನ್ನಮ್ಮಕ್ಕ ವಿಧವೆ, ನಲವತ್ತೈದರ ಆಸುಪಾಸು. ಕಾಫಿ ಕೊಯ್ಲಿನಲ್ಲಿ ಅವರ ಕೈ ತೋಟಕ್ಕೇ ಹೆಸರಾದದ್ದು. ಓದು ಬರುತ್ತಿರಲಿಲ್ಲ. ಒಬ್ಬಳೇ ಮಗಳು ರಾಹೇಲಳನ್ನು ವಿರಾಜಪೇಟೆಯಲ್ಲಿಟ್ಟು ಓದಿಸಿದ್ದರು. ಜೂನ್ ತಿಂಗಳಲ್ಲಿ ಅವಳು ಟೀಚರ್ ಟ್ರೈನಿಂಗಿಗೆ ಮಂಗಳೂರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಲೈನಿನಿಂದ ಹಾಗೆ ಹೊರಟವರಲ್ಲಿ ಅವಳೇ ಮೊದಲಿನವಳು. ಚೀಟಿಯ ಮಾತು ತಾಯಿಗೆ ಹಿಡಿಸಿತು, ಆದರೆ ಪೂರ್ತಿ ಕೇಳಬೇಕೆನಿಸಿತು. ಮನೆಗೆ ಹೋಗಿ ಮಗಳ ಕೈಯಲ್ಲಿ ಬೈಬಲ್ ತೆಗೆಸಿದರು. ರಾಹೇಲ್ ಸಂಖ್ಯೆ ನೋಡಿ ಪುಟ ತೆರೆದು ಓದಿದಳು, ಉಳಿದರ್ಧವನ್ನೂ ಓದಿದಳು. ತಾಯಿ, “ಸಾಕು, ಮುಚ್ಚು,” ಎಂದರು.

ಇದೆಲ್ಲ ನನಗೆ ಗೊತ್ತಾದದ್ದು ಎರಡು ತಿಂಗಳು ಕಳೆದ ಮೇಲೆ, ಅವರು ಮಗಳ ಮದುವೆಯ ಪ್ರಕಟಣೆಗೆ ಹೆಸರು ಕೊಡಲು ಬಂದಾಗ. ವರ ಯಾಕೋಬ ಮೇಸ್ತ್ರಿ. ನಲವತ್ತು ದಾಟಿದ್ದ, ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದವು. ರಾಹೇಲಳಿಗೆ ಹದಿನೆಂಟು.

“ಟ್ರೈನಿಂಗಿಗೆ ಹೋಗುದಿಲ್ವಾ ಅವಳು?” ಎಂದೆ.

“ಈ ವರ್ಷ ನಾನು ಇರುದಿಲ್ಲ ಉಪದೇಶಿಯವ್ರೇ. ದೇವರು ಹೇಳಿಯಾಯ್ತು. ಹುಡುಗಿಯನ್ನು ಒಂದು ಕಡೆ ಸೇರಿಸಿ ಹೋಗ್ಬೇಕಲ್ಲ. ಮೇಸ್ತ್ರಿ ಕುಡಿಯುದಿಲ್ಲ,” ಎಂದು ಸೆರಗಿನ ಗಂಟು ಬಿಚ್ಚಿ ಚೀಟಿ ತೋರಿಸಿದರು. ನನ್ನ ದುಂಡಗಿನ ಅಕ್ಷರ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಯ್ಯನವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯ. ಈ ಭಯಕ್ಕೆ ನಾನು ಆಗ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದೆ. ಮದುವೆಗೆ ಮೊದಲು ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದಬೇಕು. ಯಾರದಾದರೂ ಆಕ್ಷೇಪವಿದ್ದರೆ ಈಗಲೇ ತಿಳಿಸಬೇಕು ಎಂಬ ಮಾತಿನಿಂದ ಅದು ಮುಗಿಯುತ್ತದೆ. ಮೊದಲ ಭಾನುವಾರ ಓದಿದೆ. ರಾಹೇಲ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಎರಡನೆಯ ಭಾನುವಾರ ಓದಿ, ಆಕ್ಷೇಪದ ಮಾತಿನ ನಂತರ ಕ್ರಮದಂತೆ ಒಂದು ನಿಮಿಷ ಸುಮ್ಮನೆ ನಿಂತೆ. ಆ ಕೋಣೆಯಲ್ಲಿ ಆಕ್ಷೇಪವಿದ್ದವನು ಒಬ್ಬನೇ, ಅದು ಓದಿದವನು.

ಮರುದಿನ ಸೈಕಲ್ ಹತ್ತಿ ವಿರಾಜಪೇಟೆಗೆ ಹೋಗಿ ಅಯ್ಯನವರಿಗೆ ಎಲ್ಲ ಹೇಳಿಬಿಟ್ಟೆ. ಅವರು, “ಉಳಿದ ಬುದ್ಧಿಮಾತುಗಳು ಯಾವುವು?” ಎಂದು ಕೇಳಿದರು. ಹೇಳಿದೆ. “ಅವು ಪರವಾಗಿಲ್ಲ,” ಎಂದರು.

ಬುಧವಾರ ಅವರೇ ಲೈನಿಗೆ ಬಂದರು. ಚೀಟಿ ಭವಿಷ್ಯವಾಣಿಯಲ್ಲ, ಉಪದೇಶಿ ತಿಳಿಯದೆ ಬರೆದದ್ದು, ಕಾಗದದ ಚೂರಿಗೆ ಸಾವು ಬದುಕು ಗೊತ್ತಿಲ್ಲ ಎಂದು ಅನ್ನಮ್ಮಕ್ಕನಿಗೆ ಚೆನ್ನಾಗಿಯೇ ತಿಳಿಸಿ ಹೇಳಿದರು. ಅನ್ನಮ್ಮಕ್ಕ ಸೆರಗು ಹೊದ್ದು ನಿಂತು ಪೂರ್ತಿ ಕೇಳಿದರು.

“ಅಯ್ಯನೋರೇ, ಹೋದ ವರ್ಷ ನಿನ್ನ ಮಕ್ಕಳನ್ನು ಆಶೀರ್ವದಿಸ್ತೇನೆ ಅಂತ ಬಂತು. ರಾಹೇಲ್ ಪಾಸಾದ್ಲು. ಆಗ ನೀವು ಇದೇ ಜಾಗದಲ್ಲಿ ನಿಂತು, ನೋಡು ಅನ್ನಮ್ಮ, ದೇವರು ಮಾತಿಗೆ ತಪ್ಪುದಿಲ್ಲ ಅಂದ್ರಿ. ಒಳ್ಳೇದು ಬಂದಾಗ ದೇವರದ್ದು, ಕೆಟ್ಟದು ಬಂದಾಗ ಉಪದೇಶಿದ್ದಾ?”

ಅಯ್ಯನವರು ಕೊಡೆ ತೆಗೆದುಕೊಂಡರು. ನಾವಿಬ್ಬರೂ ರಸ್ತೆಯವರೆಗೆ ನಡೆದೆವು. ಅದೇ ಅಧ್ಯಾಯದಲ್ಲಿ ಮುಂದೆ ಅರಸನು ಅತ್ತು ಕೇಳಿಕೊಂಡಾಗ ದೇವರು ಹದಿನೈದು ವರ್ಷ ಆಯುಸ್ಸು ಕೊಟ್ಟನೆಂದಿದೆಯಲ್ಲ, ಅದನ್ನು ಓದಿ ಹೇಳಲೇ ಎಂದು ನಾನು ಕೇಳಿದೆ. “ಬೇಡ,” ಎಂದರು ಅಯ್ಯನವರು. “ಒಂದು ಮೂಢನಂಬಿಕೆ ತೆಗೆಯಲು ಇನ್ನೊಂದನ್ನು ಕೊಡಬೇಡ. ಅವಳು ಹದಿನೈದು ವರ್ಷ ಎಣಿಸುತ್ತಾ ಕೂರುತ್ತಾಳೆ.” ಈ ಮಾತಿನಲ್ಲಿ ಅವರು ಸರಿಯಾಗಿದ್ದರು. ಅದು ಮುಂದೆ ತಿಳಿಯುತ್ತದೆ.

ಶನಿವಾರ ಬೋಪಯ್ಯನವರು ಕಾಫಿ ಒಣಗಿಸುವ ಕಣದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಕಾಫಿ ಹೂ ಅರಳಲು ಬೇಕಾದ ಮಳೆ ಆ ವರ್ಷ ತಡವಾಗಿತ್ತು. ನನ್ನ ಮುಖ ನೋಡಿ ಏನೆಂದು ವಿಚಾರಿಸಿದರು. ನಾನು ಹೇಳಿದೆ.

“ನಮ್ಮಲ್ಲಿ ಕಾರಣ ಬಂದು ಒಂದು ಮಾತು ಹೇಳಿದ್ರೆ ಕೈಮುಗಿದು ಎದ್ದು ಬರುದಿಲ್ಲ ಉಪದೇಶಿ. ನಿಂತು ಕೇಳ್ತೇವೆ. ಇದಕ್ಕೆ ಎಂತ ಮಾಡ್ಬೇಕು, ಬೇರೆ ದಾರಿ ಉಂಟಾ ಅಂತ. ನಿಮ್ಮ ರಾಜ ಕೇಳ್ಲಿಲ್ವಾ?”

“ಕೇಳಿದ. ಹದಿನೈದು ವರ್ಷ ಸಿಕ್ಕಿತು.”

“ಅದನ್ನು ಆಕೆಗೆ ಹೇಳಿದ್ರಾ?”

“ಇಲ್ಲ. ಅಯ್ಯನವರು ಬೇಡ ಅಂದ್ರು.”

ಬೋಪಯ್ಯನವರು ಮತ್ತೆ ಆಕಾಶ ನೋಡಿದರು. “ಅರ್ಧ ಹೇಳಿದ್ದು ನೀವು. ಇನ್ನರ್ಧ ಹೇಳ್ಬಾರ್ದು ಅಂತ ಅವರು. ಚೆನ್ನಾಗುಂಟು,” ಎಂದರು.

ಮೂರನೆಯ ಭಾನುವಾರ ಪ್ರಕಟಣೆ ಓದಿದೆ. ಈ ಮದುವೆಗೆ ಯಾರದಾದರೂ ಆಕ್ಷೇಪವಿದ್ದರೆ ಈಗಲೇ ತಿಳಿಸಬೇಕು ಎಂದೆ. ಸುಮ್ಮನೆ ನಿಂತೆ. ಆಮೇಲೆ, “ನನಗೆ ಇದೆ,” ಎಂದೆ.

ತಮಿಳು ಚಾಪೆಯವರು ತುಳು ಚಾಪೆಯವರನ್ನು ಏನೆಂದು ಕೇಳಿದರು. ಗೆದ್ದಲಿನಿಂದ ಶುರುಮಾಡಿ ನಾನು ಎಲ್ಲ ಹೇಳಿದೆ. ವಾಕ್ಯವನ್ನು ಕತ್ತರಿಸಿದವನು ನಾನು, ಅದು ಅನ್ನಮ್ಮಕ್ಕನಿಗೆ ಅಂತ ಬರೆದದ್ದಲ್ಲ, ಯಾರಿಗೆ ಬಂದಿದ್ದರೂ ಇದೇ ಗತಿ, ಕ್ಷಮಿಸಬೇಕು ಎಂದೆ. ಬಳಿಕ ಆ ಅಧ್ಯಾಯವನ್ನು ತೆರೆದು ಮುಂದಿನದ್ದನ್ನು ಓದಿದೆ. ಅರಸನು ಗೋಡೆಯ ಕಡೆಗೆ ಮುಖ ತಿರುಗಿಸಿ ಪ್ರಾರ್ಥಿಸಿ ಬಹಳವಾಗಿ ಅತ್ತದ್ದು, ದೇವರು ಅವನ ಕಣ್ಣೀರು ನೋಡಿ ಹದಿನೈದು ವರ್ಷ ಕೂಡಿಸಿದ್ದು, ಅಂಜೂರದ ಹಣ್ಣಿನ ಪಟ್ಟಿ ಹಾಕಿ ಅವನ ಹುಣ್ಣು ವಾಸಿಮಾಡಿದ್ದು.

ಅನ್ನಮ್ಮಕ್ಕ ಎದ್ದು ನಿಂತರು.

“ಯಾವ ಗೋಡೆ?”

“ಯಾವುದಾದ್ರೂ ಆಗ್ತದೆ ಅಕ್ಕ.”

ಬಾಗಿಲಿನ ಕಡೆ ಬಿಟ್ಟರೆ ಶಾಲೆಗೆ ಇದ್ದದ್ದು ಮೂರು ಗೋಡೆ. ಒಂದರಲ್ಲಿ ಕಪ್ಪುಹಲಗೆ, ಇನ್ನೊಂದಕ್ಕೆ ಜನ ಒರಗಿದ್ದರು. ಅವರು ಹೋಗಿ ಕೊಡಗು ರಾಜ್ಯದ ನಕ್ಷೆ ತೂಗುಹಾಕಿದ್ದ ಗೋಡೆಗೆ ಮುಖಮಾಡಿ ನಿಂತರು. ನಮಗೆ ಬೆನ್ನಷ್ಟೇ ಕಾಣುತ್ತಿತ್ತು. ಆ ಬೆನ್ನು ಅಲುಗತೊಡಗಿತು. ಗಂಡ ಸತ್ತಾಗಲೂ ಅಳದ ಹೆಂಗಸು ಎಂದು ಲೈನಿನಲ್ಲಿ ಹೇಳುತ್ತಿದ್ದರು. ಎರಡು ಕೀರ್ತನೆ ಹಾಡಿ ಮುಗಿಸುವಷ್ಟು ಹೊತ್ತು ನಾವೆಲ್ಲ ಸುಮ್ಮನೆ ಕೂತಿದ್ದೆವು. ನನಗೂ ಅಳು ಬಂತು, ಬೈಬಲ್ ಅಡ್ಡ ಹಿಡಿದುಕೊಂಡೆ. ಕೊನೆಗೆ ಅವರು ಮುಖ ಒರೆಸಿಕೊಂಡು ತಿರುಗಿದರು.

“ಆಯ್ತು. ಹದಿನೈದು ವರ್ಷ. ಹುಡುಗಿ ಟ್ರೈನಿಂಗಿಗೆ ಹೋಗ್ಲಿ.” ಮೇಸ್ತ್ರಿಯ ಕಡೆ ನೋಡಿ, “ನಿಮಗೆ ಬೇಜಾರಾಗ್ಬಾರ್ದು ಮೇಸ್ತ್ರಿ,” ಎಂದರು.

ಯಾಕೋಬ ಮೇಸ್ತ್ರಿ ಎದ್ದು ನಿಂತ. “ನನಗೆ ಅಡುಗೆ ಬರುವವರು ಬೇಕಿತ್ತು. ಅವಳಿಗೆ ಬರುದಿಲ್ಲ ಅಂತ ಎಲ್ಲರಿಗೂ ಗೊತ್ತು. ಓದ್ಲಿ,” ಎಂದ. ರಾಹೇಲ್ ಆ ತಿಂಗಳಲ್ಲಿ ನಕ್ಕದ್ದು ಅದೇ ಮೊದಲಂತೆ.

ಮಾರನೆಯ ದಿನ ಅನ್ನಮ್ಮಕ್ಕ ಹಳ್ಳದ ಹತ್ತಿರದ, ಅಂಜೂರದ ಜಾತಿಯದೇ ಆದ ಅತ್ತಿಮರದಿಂದ ಹಣ್ಣು ತಂದು ಅರೆದು, ತಮಗೆ ಹುಣ್ಣು ಇಲ್ಲದ್ದರಿಂದ, ನೋಯುತ್ತಿದ್ದ ಮಂಡಿಗೆ ಕಟ್ಟಿಕೊಂಡರು. ಮಂಡಿನೋವು ಕಡಿಮೆಯಾಯಿತು. ಲೈನಿನವರೆಲ್ಲ ಕಿತ್ತು, ಆ ಮರದಲ್ಲಿ ಒಂದೂ ಹಣ್ಣು ಉಳಿಸಲಿಲ್ಲ. ನಾನು ಕೊಟ್ಟ ವರದಿ ಓದಿದ ಅಯ್ಯನವರು ಒಂದನ್ನೇ ಕೇಳಿದರು: “ಆಯುಸ್ಸು ಕೊಟ್ಟದ್ದಕ್ಕೆ ಗುರುತಾಗಿ ದೇವರು ಅರಸನಿಗೆ ಬಿಸಿಲಿನ ನೆರಳನ್ನು ಹಿಂದಕ್ಕೆ ಸರಿಸಿ ತೋರಿಸಿದನಲ್ಲ, ಅದನ್ನು ಅವಳು ಕೇಳಲಿಲ್ಲವಷ್ಟೆ?” ಕೇಳಲಿಲ್ಲ ಎಂದೆ. ಆದರೂ, ಪ್ರಕಟಣೆ ಓದುವವನೇ ಆಕ್ಷೇಪ ಎತ್ತಲು ಯಾವ ನಿಯಮದಲ್ಲಿ ಅವಕಾಶವಿದೆ ಎಂದು ಲಿಖಿತ ಸಮಜಾಯಿಷಿ ಕೇಳಿದರು. ಬರೆದುಕೊಟ್ಟೆ. ಜೂನ್ ತಿಂಗಳಲ್ಲಿ ರಾಹೇಲ್ ಮಂಗಳೂರಿನ ಬಸ್ಸು ಹತ್ತಿದಳು. ನನ್ನನ್ನು ಕಕ್ಕಬೆಯ ಏಲಕ್ಕಿ ಮಲೆಗೆ ವರ್ಗ ಮಾಡಿದರು. ಅಲ್ಲಿ ಆ ತಿಂಗಳಲ್ಲಿ ಪ್ರಾರ್ಥನೆಗೆ ತಪ್ಪದೆ ಬರುತ್ತಿದ್ದದ್ದು ಜಿಗಣೆಗಳು. ಮುಂದಿನ ವರ್ಷದಿಂದ ಅಚ್ಚಿನ ಚೀಟಿ ಮಾತ್ರ, ಬುದ್ಧಿಮಾತು ಇಲ್ಲ ಎಂದು ಎಲ್ಲ ತೋಟಗಳಿಗೂ ಸುತ್ತೋಲೆ ಬಂತು.

ಕೊಡಗು ಮೈಸೂರಿಗೆ ಸೇರಿತು. ಶಾಲೆಯ ಗೋಡೆಯ ನಕ್ಷೆ ತೆಗೆದರು. ಬೋಪಯ್ಯನವರು ತೀರಿಕೊಂಡರು. ಈಗ ಅವರೂ ಆ ಮನೆಯವರಿಗೆ ಬುದ್ಧಿ ಹೇಳುತ್ತಿರಬಹುದು, ನನಗೆ ಹೇಳಿದ ಹಾಗೆ. ನಾನು ಊರಿಂದೂರಿಗೆ ವರ್ಗವಾಗುತ್ತಾ ಇದ್ದೆ. ಒಂದು ಮಾರ್ಚ್ ತಿಂಗಳಲ್ಲಿ ರಾಹೇಲಳ ಕಾಗದ ಬಂತು. ಆಕೆ ಆಗ ವಿರಾಜಪೇಟೆಯಲ್ಲಿ ಟೀಚರು, ತಾಯಿ ಅವಳ ಜೊತೆಯಲ್ಲೇ ಇದ್ದರು. “ಬರುವ ಮಂಗಳವಾರಕ್ಕೆ ಅಮ್ಮನ ಹದಿನೈದು ವರ್ಷ ಮುಗಿಯುತ್ತದೆ. ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟಿದ್ದಾರೆ. ಬಿಳಿ ಸೀರೆ ಒಗೆದು ಮಡಿಸಿಟ್ಟಿದ್ದಾರೆ. ನೀವು ಬರಲೇಬೇಕಂತೆ,” ಎಂದು ಬರೆದಿದ್ದಳು.

ಬಸ್ಸಿನಲ್ಲಿ ಕೂತು ನಾನು ನಿಜವಾಗಿ ಹೆದರಿದ್ದೆ. ಅಯ್ಯನವರ ಮಾತು ಕಿವಿಯಲ್ಲಿತ್ತು. ಹಾಗೆ ನಂಬಿಕೊಂಡವರು ಆ ದಿನವೇ ಮಲಗಿ ಪ್ರಾಣ ಬಿಡುವುದನ್ನು ನನ್ನ ಕೆಲಸದಲ್ಲಿ ಎರಡು ಸಲ ನೋಡಿದ್ದೆ. ಮಂಗಳವಾರ ಮಧ್ಯಾಹ್ನ ಮನೆ ಮುಟ್ಟಿದೆ. ಅನ್ನಮ್ಮಕ್ಕ ಜಗಲಿಯಲ್ಲಿ ಕೂತಿದ್ದರು. ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ಬೆನ್ನು ಹರಿದ ಬೈಬಲ್.

“ಓದ್ತೀರಾ ಈಗ?” ಎಂದೆ.

“ರಾಹೇಲ್ ಮೊದಲ ರಜೆಗೆ ಬಂದಾಗ್ಲೇ ಅಕ್ಷರ ಕಲಿಸಿದ್ಲು. ಇನ್ನೊಬ್ಬರು ಓದಿ ಹೇಳಿದ್ರೆ ಎಲ್ಲಿ ನಿಲ್ಲಿಸ್ತಾರೆ ಅಂತ ಗೊತ್ತಾಗುದಿಲ್ಲ ನೋಡಿ.” ಕೂರಲು ಮಣೆ ತೋರಿಸಿದರು. “ಒಂದು ಕೇಳ್ತೇನೆ ಉಪದೇಶಿಯವ್ರೇ. ಆ ರಾಜ ಹದಿನೈದು ವರ್ಷ ಸಿಕ್ಕಿದ ಮೇಲೆ ಎಂತ ಮಾಡಿದ?”

ನನಗೆ ಗೊತ್ತಿತ್ತು. ದೂರದೇಶದಿಂದ ಅವನನ್ನು ನೋಡಲು ಜನ ಬಂದರು. ಅವನು ಹಿಗ್ಗಿ ತನ್ನ ಅರಮನೆಯಲ್ಲಿದ್ದ ಚಿನ್ನ, ಬೆಳ್ಳಿ, ಆಯುಧ ಎಲ್ಲವನ್ನೂ ತೆರೆದು ತೋರಿಸಿದ. ಅದಕ್ಕೆ ಪ್ರವಾದಿಯಿಂದ ಬೈಸಿಕೊಂಡ. ಅಷ್ಟನ್ನು ಹೇಳಿದೆ.

“ಇದನ್ನು ಅವತ್ತು ಯಾಕೆ ಓದ್ಲಿಲ್ಲ?”

“ಅದು ಮುಂದಿನ ಅಧ್ಯಾಯ ಅಕ್ಕ.”

ಅವರು ಬೈಬಲ್ ತೆರೆದು ನನ್ನ ಮುಂದೆ ಹಿಡಿದರು. “ಪುಟ ಅದೇ,” ಎಂದರು.

ನಾನು ತಲೆ ತಗ್ಗಿಸಿದೆ. ಎರಡನೆಯ ಸಲವೂ ನನಗೆ ಬೇಕಾದಲ್ಲಿ ನಿಲ್ಲಿಸಿದ್ದೆ, ಅದು ಹದಿನೈದು ವರ್ಷ ನನಗೇ ಗೊತ್ತಾಗಿರಲಿಲ್ಲ.

“ನಿಮ್ಮನ್ನು ಬೈಲಿಕ್ಕೆ ಕರೆಸಿದ್ದಲ್ಲ,” ಎಂದರು ಅನ್ನಮ್ಮಕ್ಕ. “ಅವನು ರಾಜ. ಹದಿನೈದು ವರ್ಷದಲ್ಲಿ ಬಂದವರಿಗೆ ಮನೆ ತೋರಿಸಿದ. ನಾನು ಮಗಳನ್ನು ಟೀಚರ್ ಮಾಡಿದೆ. ಇದನ್ನು ಮೊದಲಿಂದ ಕೊನೆವರೆಗೆ ಎರಡು ಸಲ ಓದಿದೆ. ಮನೆ ವಿಷಯ ಎಲ್ಲ ಇತ್ಯರ್ಥ ಮಾಡಿಟ್ಟಿದ್ದೇನೆ. ನೀವು ಬರೆದದ್ದು ಒಳ್ಳೆ ಮಾತೇ. ನನಗೆ ಬೇಜಾರಿಲ್ಲ ಅಂತ ನಿಮಗೆ ಹೇಳ್ಬೇಕಿತ್ತು. ಇಲ್ಲದಿದ್ರೆ ನೀವು ನಾಳೆ ಮಣ್ಣು ಮಾಡುವಾಗ ಅಳ್ತೀರಿ, ಓದುದು ತಪ್ಪುತ್ತದೆ.”

ನಾನು ಅಲ್ಲೇ ಕೂತು ಅತ್ತೆ. ರಾಹೇಲ್ ಕಾಫಿ ತಂದಿಟ್ಟು ಒಳಗೆ ಹೋದಳು. ಆ ದಿನ ಹತ್ತಿರದಲ್ಲೇ ಒಬ್ಬರ ಮನೆಯಲ್ಲಿ ಉಳಿದುಕೊಂಡೆ.

ಬೆಳಗಾದ ಕೂಡಲೇ ಹೋದೆ. ಬಾಗಿಲು ತೆರೆದಿತ್ತು. ಅನ್ನಮ್ಮಕ್ಕ ಅಂಗಳದಲ್ಲಿ ನಿಂತು, ಕೋಳಿ ವಾಪಸ್ ಕೊಡುವಂತೆ ಪಕ್ಕದ ಮನೆಯವರ ಜೊತೆ ವಾದ ಮಾಡುತ್ತಿದ್ದರು. ಕೊಟ್ಟದ್ದು ಕೊಟ್ಟಾಯಿತು ಎಂದು ಅವರು, ಕೊಟ್ಟದ್ದು ಬೇರೆ ಲೆಕ್ಕದಲ್ಲಿ ಎಂದು ಇವರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ. ಜಗಲಿಯ ಮೇಲೆ ಕೂತುಬಿಟ್ಟೆ.

“ಉಪದೇಶಿಯವ್ರೇ, ಹದಿನೈದು ವರ್ಷ ನಿನ್ನೆಗೆ ಮುಗಿಯಿತು. ನಾನು ಇದ್ದೇನೆ,” ಎಂದರು. ಮತ್ತೆ ಪಕ್ಕದ ಮನೆಯ ಕಡೆ ತಿರುಗುತ್ತಾ, “ಇನ್ನು ಇದಕ್ಕೆ ಒಂದು ವಾಕ್ಯ ಹುಡುಕಿ ತರ್ಬೇಡಿ,” ಎಂದರು.

ಆಗಲಿ ಎಂದೆ. ಮನೆಗೆ ಬಂದು ಹುಡುಕಿದೆ. ಸಿಕ್ಕಿತು ಕೂಡ. ಅವರಿಗೆ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.